ಕುದಿಯಬಾರದ ಅಂಟು

ಮನೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ ತಾನೆ? ಮಗಳ ಮನೆಯಲ್ಲೂ ಪಾತ್ರೆ ತೊಳೆಯುತ್ತಿರುವವರು ನೀವೇ ಎಂದು ಗೊತ್ತು, ಬೇಡವೆಂದರೆ ಕೇಳುವವರಲ್ಲ. ಇಲ್ಲಿ ನಾವೆಲ್ಲ ಆರೋಗ್ಯ. ಮಾವ ಮಾತ್ರ ಸೊರಗಿದ್ದಾರೆ. ಕಾರಣ ನಾನೇ.

ನೀವು ಹೊರಟ ವಾರವೇ ಮಾವ ಪಿಟೀಲು ರಿಪೇರಿಯ ಅಂಟಿನ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟು ಮರೆತರು, ಪಕ್ಕದಲ್ಲಿದ್ದ ಟವೆಲ್ ಹೊತ್ತಿಕೊಂಡಿತು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಅಂದೇ ಸಂಜೆ ಹೋಗಿ, ಅವರ ಕೆಲಸದ ಮೇಜಿನ ಮೇಲೆ ಇಟ್ಟುಕೊಳ್ಳಲೆಂದು ಪುಟ್ಟ ಇಂಡಕ್ಷನ್ ಒಲೆ ತಂದೆ. ಪಿಟೀಲಿಗೆ ಹಾಕುವ ಅಂಟು ಬೆಚ್ಚಗಿರಬೇಕು, ಕುದಿದರೆ ಹಿಡಿತ ಹೋಗುತ್ತದೆ ಎಂದು ನೀವು ಸಾವಿರ ಸಲ ಹೇಳಿದ್ದೀರಿ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಅಂಗಡಿಯವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೀರು ಕುದಿಸಿ ತೋರಿಸಿದ, ನಾನು ಮರುಳಾದೆ.

ಸೊಸೆ ತಂದದ್ದೆಂದು ಮಾವ ನಂಬಿ, ತೀರಾ ಸಣ್ಣ ಉರಿಗೆ ಒತ್ತಿ ಕೆಲಸಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಆ ಒಲೆಗೆ ಸಣ್ಣ ಉರಿಯೆಂದರೆ ಗೊತ್ತೇ ಇಲ್ಲ ಅತ್ತೆ! ಸ್ವಲ್ಪ ಹೊತ್ತು ಪೂರ್ತಿ ಉರಿಯುತ್ತದೆ, ಸ್ವಲ್ಪ ಹೊತ್ತು ಆರುತ್ತದೆ, ಮತ್ತೆ ಪೂರ್ತಿ. ಅಂಟು ಗುಳುಗುಳು ಕುದಿಯುವುದನ್ನು ನಾನೊಮ್ಮೆ ನೋಡಿದ್ದೆ. ಏನಾಗುತ್ತೆ ಬಿಡು ಅಂದುಕೊಂಡೆ.

ಸಂಗೀತದ ಮೇಷ್ಟ್ರ ಪಿಟೀಲು, ಮಾವ ಅಂಟಿಸಿದ ಕತ್ತು ಕಳಚಿಕೊಂಡು ವಾಪಸು ಬಂತು. ಆಮೇಲೆ ಇನ್ನೊಂದು. ಮಾವ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ತಮ್ಮ ಬೆರಳನ್ನೇ ನೋಡಿಕೊಂಡರು. "ಕೈ ಸೋತಿತಮ್ಮಾ" ಅಂದರು. ಮರುದಿನ ರಿಪೇರಿಗೆ ಬಂದಿದ್ದ ವಾದ್ಯಗಳನ್ನೆಲ್ಲ ಅವರವರ ಮನೆಗೆ ತಾವೇ ಮುಟ್ಟಿಸಿ ಬಂದು, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ನಾನು ಬಾಯಿಗೆ ಬೀಗ ಹಾಕಿಕೊಂಡು ಅನ್ನ ಬಡಿಸಿದೆ. ತಪ್ಪು ಒಲೆಯದೆಂದು ಹೇಳಿದರೆ ಮತ್ತೆ ಗ್ಯಾಸು, ಮತ್ತೆ ಬೆಂಕಿ ಎಂಬ ಭಯ ಒಂದು ಕಡೆ. ಇನ್ನೊಂದೂ ಇದೆ, ನಿಮ್ಮ ಹತ್ತಿರ ಮುಚ್ಚಿಡಲಾರೆ: ಆ ಅಂಟಿನ ವಾಸನೆ ಮನೆಯಿಂದ ಹೋಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು. ಎಂಥ ಪಾಪಿ ನಾನು!

ನಿನ್ನೆ ತಡೆಯಲಾಗದೆ ಬೇರೆ ಅಂಗಡಿಗೆ ಹೋದೆ. ಒಂದೊಂದೇ ಒಲೆ ಹಚ್ಚಿಸಿ, ತಟ್ಟೆಯಲ್ಲಿ ಚಾಕೊಲೇಟ್ ಚೂರು ಇಟ್ಟು, ಎದುರಿಗೇ ಸ್ಟೂಲ್ ಹಾಕಿ ಕುಳಿತೆ. "ಎಲ್ಲಾರೂ ಬೇಗ ಕುದಿಯೋದು ಕೊಡಿ ಅಂತಾರೆ, ನೀವೊಬ್ರೇ ಕುದೀಬಾರ್ದು ಅಂತೀರಲ್ಲ ತಾಯಿ!" ಎಂದು ಅಂಗಡಿಯವನು ತಲೆ ಚಚ್ಚಿಕೊಂಡ. ಮೊದಲೆರಡರ ಮೇಲೆ ಸೀದು ಕರಿಕಾಯಿತು. ಮೂರನೆಯದರ ಮೇಲೆ ಮೆಲ್ಲಗೆ ಕರಗಿ, ಕರಗಿದ್ದು ಹಾಗೇ ಇತ್ತು. ಅದನ್ನೇ ತಂದಿದ್ದೇನೆ. ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ಕೊಡಬೇಕಾದರೆ ಹಳೆಯದಕ್ಕೆ ಏನಾಗಿತ್ತೆಂದು ಹೇಳಬೇಕಲ್ಲ. ನಾಲಿಗೆ ಏಳುತ್ತಿಲ್ಲ. ನೀವೇ ಫೋನಿನಲ್ಲಿ ಅವರಿಗೆ ಹೇಳಿಬಿಡಿ, ದಮ್ಮಯ್ಯ.

ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಕಾಲಿಗೆ ಬಿದ್ದೆ ಅಂದುಕೊಳ್ಳಿ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಫೋನ್ ಮಾಡಬೇಡಿ, ನಾನೇ ಹೇಳಿದೆ. ಲಕೋಟೆಗೆ ಅಂಟು ಹಚ್ಚಲು ಕುಳಿತವಳಿಗೆ ಅಳು ತಡೆಯಲಾಗಲಿಲ್ಲ, ಎದ್ದು ಹೋಗಿ ಮಾವನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಬೈಯಲೇ ಇಲ್ಲ ಅತ್ತೆ. "ಹಾಗಾದ್ರೆ ನನ್ನ ಕೈ ಚೆನ್ನಾಗಿದೆಯಾ?" ಎಂದು ಕೇಳಿದರು. ಹೌದು ಅಂದೆ. ಮತ್ತೊಮ್ಮೆ ಅದನ್ನೇ ಕೇಳಿದರು. ಈಗ ಮೇಷ್ಟ್ರ ಮನೆಗೆ ಓಡಿದ್ದಾರೆ, ನನ್ನ ಚಪ್ಪಲಿ ಮೆಟ್ಟಿಕೊಂಡು.