ಚೀಟಿಯಲ್ಲಿ ಬರೆದ ‘ಮೇಲೆ’

ಮೇಸ್ತ್ರಿಯವರಿಗೆ ನಿಮ್ಮ ಮೂಗನ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದರಿದಂತೆ ಇದೆ, ಕಾಗುಣಿತವೂ ತಪ್ಪುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮನ್ನಿಸಿ. ಆದರೆ ಈ ಸಲ ನಾನು ಮಾಡಿರುವ ತಪ್ಪು ಕಾಗುಣಿತದ್ದಲ್ಲ. ನೀವಿಲ್ಲದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ನಿಮಗಲ್ಲದೆ ಯಾರಿಗೆ ಹೇಳಲಿ?

ಬ್ರೂಸ್‌ಪೇಟೆಯ ಮೋಟರ್‌ಸೈಕಲ್ ರಿಪೇರಿ ಅಂಗಡಿಗೆ ನಾನು ಬಂದ ಮೊದಲ ದಿನ ಕಾರ್ಬುರೇಟರ್ ಬಿಚ್ಚಿ, ಒಳಗಿನ ಹಿತ್ತಾಳೆ ಜೆಟ್ಟನ್ನು ನನ್ನ ಅಂಗೈಗೆ ಹಾಕಿದಿರಿ. ನಡುವೆ ಸೂಜಿ ಮೊನೆಯಷ್ಟು ತೂತು. “ಗಾಳಿ ಎಷ್ಟೋ ಪೆಟ್ರೋಲ್ ಅಷ್ಟು. ಆ ಲೆಕ್ಕ ಈ ತೂತಿನಾಗ ಐತಿ” ಎಂದಿರಿ. ನಾನು ಬರೀ ತಲೆಯಾಡಿಸಿದೆ. “ಯಾಕಲೇ, ನಿನ್ನ ಬಾಯಾಗೂ ಜೆಟ್ಟು ಕಟ್ಟಿಕೊಂಡೈತೇನು? ಊದಿಕ್ಯಾ!” ಎಂದು ನಕ್ಕಿರಿ. ಅಂದಿನಿಂದ ನನ್ನ ಹೆಸರು ಮೂಗ.

ದೇಶನೂರಿನ ಹತ್ತಿರ ನೀವು ಬಿದ್ದ ದಿನವೂ ನೆನಪಿದೆ. ಏಪ್ರಿಲ್ ಬಿಸಿಲು, ಗಾಡಿಗೆ ಸಣ್ಣ ಜೆಟ್ಟು, ಪೆಟ್ರೋಲ್ ಸಾಲದೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತೇಬಿಟ್ಟಿತು. ನೀವು ಹಾರಿ ಭತ್ತದ ಗದ್ದೆಯ ಬದುವಿಗೆ ಬಿದ್ದಿರಿ. ಆಮೇಲೆ ಆ ಕಾಲು ಎಂದೂ ನೇರವಾಗಲಿಲ್ಲ. “ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗು ಕರ್ರಗಾತಂದ್ರ ಗಾಡಿ ಕೆಮ್ಮತೈತಿ, ಅಷ್ಟ. ಕಡಿಮ್ಯಾಗಿ ಬೆಳ್ಳಗಾತಂದ್ರ ಮನಿಗೆ ಹೆಣ ಬರತೈತಿ. ನನಗ ಗದ್ದಿ ಸಿಕ್ತು, ಉಳದೆ” ಎಂದಿರಿ. ಅಲ್ಲಿ ಗದ್ದೆಯ ಬದಲು ಕಲ್ಲು ಇದ್ದಿದ್ದರೆ...

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗ ವೀರೇಶ ಕುರುಗೋಡಿನ ಗುಡ್ಡದ ಕಲ್ಲುಗಳ ಮೇಲೆ ಗಾಡಿ ಹತ್ತಿಸುತ್ತಿದ್ದನಲ್ಲ, ಈಗ ಅದು ಸಾಲದಾಗಿದೆ. ಮಿಲಿಟರಿಯಲ್ಲಿರುವ ಸಿರುಗುಪ್ಪದ ಗೆಳೆಯ ಜಮ್ಮುವಿನಿಂದ ಕರೆದನಂತೆ. ಅಲ್ಲಿಂದ ಲಡಾಖಿಗೆ ಗಾಡಿ ಮೇಲೆಯೇ ಹೋಗುತ್ತಾರೆ. ಆ ಎತ್ತರದಲ್ಲಿ ಗಾಳಿ ತೆಳ್ಳಗೆ, ಗಾಡಿ ಕಪ್ಪು ಹೊಗೆ ಬಿಟ್ಟು ಕೆಮ್ಮುತ್ತದೆ ಎಂದು ಗೆಳೆಯ ಬರೆದಿದ್ದ. ನೀವು ಕುರುಗೋಡಿಗಿಂತ ಎತ್ತರ ಕಂಡವರಲ್ಲ, ನಾನಂತೂ ಇಲ್ಲವೇ ಇಲ್ಲ. ಆದರೂ ನಿಮ್ಮ ಮಾತು ಹಿಡಿದು ಯೋಚಿಸಿದೆ: ಗಾಳಿ ಕಡಿಮೆಯಾದರೆ ಪೆಟ್ರೋಲೂ ಕಡಿಮೆಯಾಗಬೇಕು. ಗಾಡಿಯಲ್ಲಿ ನಮ್ಮೂರಿನ ದೊಡ್ಡ ಜೆಟ್ಟನ್ನೇ ಬಿಟ್ಟು, ಸಣ್ಣದೊಂದನ್ನು ಕಾಗದದಲ್ಲಿ ಸುತ್ತಿಕೊಟ್ಟೆ. “ಓಡಿಸೋದಷ್ಟ ನನಗ ಗೊತ್ತು, ಯಾವಾಗ ಯಾವ್ದು ಹಾಕಬೇಕು ಹೇಳಲೇ” ಎಂದ. ಬಾಯಿಬಿಟ್ಟು ಹೇಳಲು ನಾಚಿಕೆ. ಚೀಟಿ ಬರೆದು ಜೇಬಿಗೆ ತುರುಕಿದೆ. ಮೊನ್ನೆ ಗುಂತಕಲ್ಲಿನಲ್ಲಿ ಗಾಡಿ ಸಮೇತ ರೈಲು ಹತ್ತಿದ.

ಚೀಟಿಯನ್ನು ಎರಡು ಸಲ ಬರೆದಿದ್ದೆ. ಎಣ್ಣೆ ಹತ್ತಿದ ಮೊದಲನೆಯದು ನಿಮ್ಮ ಜೆಟ್ಟಿನ ಡಬ್ಬಿಯಲ್ಲೇ ಉಳಿದಿತ್ತು. ನಿನ್ನೆ ಊಟದ ಡಬ್ಬಿ ತಂದ ಪಾರ್ವತಕ್ಕ, ಮಗನ ನೆನಪಿಗೋ ಏನೋ, ಅದನ್ನೆತ್ತಿ ಓದಿದರು. “ಗುಡ್ಡಕ್ಕೆ ಹೋಗುವಾಗ ಸಣ್ಣದು, ಮೇಲೆ ದೊಡ್ಡದು.” ಓದಿ ಕೇಳಿದರು: “ಹೌದೇನಪಾ, ಗುಡ್ಡದ ಮ್ಯಾಲ ಹೋದ ಮ್ಯಾಲ ದೊಡ್ಡದು ಹಾಕಬೇಕೇನು?”

ನನ್ನ ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು. ನಾನು ಬರೆದದ್ದು ಇಳಿದ ಮೇಲೆ ಎಂದು, ಮೇಸ್ತ್ರಿ. ‘ಇಳಿದ’ ಎನ್ನುವುದು ನನ್ನ ತಲೆಯಲ್ಲಿತ್ತು, ಚೀಟಿಯಲ್ಲಿರಲಿಲ್ಲ. ವೀರೇಶನೂ ತಾಯಿಯಂತೆಯೇ ಓದಿದರೆ? ‘ಹೋಗುವಾಗ’ ಎಂದು ಜಮ್ಮುವಿನ ಬಿಸಿಲಲ್ಲೇ ಸಣ್ಣದನ್ನು ಹಾಕಿ ಹೊರಟು, ನಿಮ್ಮಂತೆ ಪಿಸ್ಟನ್ ಹಿಡಿದುಕೊಂಡರೆ? ಅಲ್ಲಿ ರಸ್ತೆ ಬದಿಗೆ ಗದ್ದೆ ಇರುತ್ತದೆಯೇ?

ಇಂದು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ತಂತಿ ಕಚೇರಿಯ ಮುಂದೆ ನಿಂತೆ. ಗೆಳೆಯನ ವಿಳಾಸವನ್ನು ಯಾಕೆಂದು ಹೇಳದೆ ಪಾರ್ವತಕ್ಕನಿಂದ ಬರೆಸಿಕೊಂಡಿದ್ದೆ. ನಾನು ಬರೆದುಕೊಟ್ಟದ್ದನ್ನು ಓದಿದ ತಂತಿಯವರು ಕನ್ನಡಕದ ಮೇಲಿಂದ ನೋಡಿ, “ಸಣ್ಣದು, ದೊಡ್ಡದು... ಏನಪಾ ಇದು, ಅವಳಿ ಹುಟ್ಟ್ಯಾವೇನು?” ಎಂದರು. ಹಿಂದೆ ನಿಂತವರು ನಕ್ಕರು. ಮತ್ತೆ ಕೇಳಿದರು: “ಇಂಗ್ಲೀಷಿನಾಗ ಬರೀಬೇಕು. ಮೇಲೆ ಅಂದ್ರ ಅಪ್ಪೋ, ಆಫ್ಟರೋ?”

ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ: “ಜಮ್ಮುದಾಗ ದೊಡ್ಡದು ಇರಲಿರಿ. ಎತ್ತರಕ್ಕ ಹೋಗಿ ಕೆಮ್ಮಿದ್ರ ಸಣ್ಣದು. ಇಳದು ಬಂದಕೂಡ್ಲೇ ತಿರುಗಿ ದೊಡ್ಡದು. ಇಲ್ಲಾಂದ್ರ ನಮ್ಮ ಮೇಸ್ತ್ರಿ ಮಗ ಸಾಯ್ತಾನ್ರಿ.” ಯಾರೂ ನಗಲಿಲ್ಲ. ಅವರು ಬರೆದದ್ದನ್ನು ಮೂರು ಸಲ ಓದಿಸಿಕೊಂಡೆ.

ರೈಲು ನಾಳೆ ಮುಟ್ಟುತ್ತದೆ. ತಂತಿ ಮೊದಲು ಸೇರುತ್ತದೋ, ಅವನು ಮೊದಲು ಹೊರಡುತ್ತಾನೋ ಗೊತ್ತಿಲ್ಲ. ಪಾರ್ವತಕ್ಕನಿಗೆ ಇನ್ನೂ ಹೇಳಿಲ್ಲ. ಮಧ್ಯಾಹ್ನ ಡಬ್ಬಿ ತಂದಾಗ ಹೇಳುತ್ತೇನೆ, ಬಾಯಿಬಿಟ್ಟು ಹೇಳುತ್ತೇನೆ, ಚೀಟಿ ಬರೆಯುವುದಿಲ್ಲ. ಇದು ನಿಮಗೆ ಕೊಟ್ಟ ಮಾತು.

ತಂತಿ ಕಚೇರಿಯಿಂದ ಬಂದು ಅಂಗಡಿ ತೆರೆದೆ. ಡಬ್ಬಿಯಿಂದ ಆ ಹಳೆಯ ಚೀಟಿ ತೆಗೆದು, ‘ಮೇಲೆ’ಗೆ ಮೊದಲು ಸಿಕ್ಕ ಚೂರು ಜಾಗದಲ್ಲಿ ‘ಇಳಿದ’ ಎಂದು ಸೇರಿಸಿದೆ.