ಹಿರಿಯೂರಿನಲ್ಲಿ ಇಪ್ಪತ್ತೆಂಟು ನಿಮಿಷ

25 ಜೂನ್, ಬುಧವಾರ

ಶನಿವಾರದ ಲೆಕ್ಕ ಇನ್ನೊಮ್ಮೆ. ಹೊಳಲ್ಕೆರೆಯಿಂದ ಚಿತ್ರದುರ್ಗ ಮೂವತ್ತೈದು ಕಿಲೋಮೀಟರು. ಅಲ್ಲಿಂದ ಹಿರಿಯೂರು ನಲವತ್ತೆರಡು. ಹೊರಡುವಾಗ ಬ್ಯಾಟರಿ ನೂರು ಪರ್ಸೆಂಟ್ ಇದ್ದರೆ ಹಿರಿಯೂರಲ್ಲಿ ಅರವತ್ತೆರಡು. ಅಲ್ಲಿಂದ ಬೆಂಗಳೂರು ನೂರ ಅರವತ್ತು ಕಿಲೋಮೀಟರು, ಸಾಲುವುದಿಲ್ಲ. ಆದ್ದರಿಂದ ಹಿರಿಯೂರಿನ ಫಾಸ್ಟ್ ಚಾರ್ಜರಿನಲ್ಲಿ ಇಪ್ಪತ್ತೆಂಟು ನಿಮಿಷ. ಎರಡು ಇಡ್ಲಿ, ಒಂದು ಕಾಫಿ. ಹತ್ತೂವರೆಗೆ ಬೆಂಗಳೂರು.

ಹನ್ನೊಂದಕ್ಕೆ ಸಹನಾ. ತಿಂಗಳ ನಾಲ್ಕನೇ ಶನಿವಾರ, ಹನ್ನೊಂದರಿಂದ ನಾಲ್ಕು. ಕೋರ್ಟು ನನಗೆ ಕೊಟ್ಟಿರುವ ಮಗಳು ಇಷ್ಟೇ. ಏಳು ವರ್ಷ. ಪೆಟ್ರೋಲ್ ವಾಸನೆ ಬಂದರೆ ವಾಂತಿ. ಬಸ್ಸು ಬೇಡ, ಆಟೊ ಬೇಡ. ಈ ಬ್ಯಾಟರಿ ಕಾರಿನಲ್ಲಾದರೆ ಕಿಟಕಿಗೆ ಮೂಗು ಒತ್ತಿಕೊಂಡು ಊರೆಲ್ಲ ಸುತ್ತುತ್ತಾಳೆ. ಕಾರಿಲ್ಲದೆ ಹೋದರೆ ಕೋರ್ಟಿನ ಭೇಟಿ ಕೇಂದ್ರದ ಕೋಣೆಯಲ್ಲಿ ಮುರಿದ ಆಟಿಕೆಗಳ ನಡುವೆ ಐದು ಗಂಟೆ ಕೂರಬೇಕು.

ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ಅವ್ವ ಜೇಡಿಮಣ್ಣಿನ ಜೋಡೆತ್ತು ಮಾಡಿ ಕಾರಿನ ಮುಂದೆ ಇಟ್ಟಳು. "ಇನ್ನೇನಪ್ಪ, ನಿನ್ನ ಎತ್ತು ಇದೇ ತಾನೆ." ಚಕ್ರಕ್ಕೆ ನಿಂಬೆಹಣ್ಣು. ಎಲ್ಲೆಲ್ಲೂ ವಿಭೂತಿ. ಕಾರು ಮಠದ ಸ್ವಾಮಿಗಳ ಹಾಗೆ ಕಾಣುತ್ತಿದೆ.

28 ಜೂನ್, ಶನಿವಾರ

ನಲವತ್ತು ನಿಮಿಷ ತಡ.

ಹಿರಿಯೂರಿನ ಚಾರ್ಜರು ಹಿಡಿಯಲೇ ಇಲ್ಲ. ಅದರ ತಂತಿಯ ತುದಿಯ ಗನ್ ಕಾರಿಗೆ ಚುಚ್ಚಿದರೆ ಪರದೆಯ ಮೇಲೆ ಕೆಂಪು ಅಕ್ಷರ - ಸಂಪರ್ಕ ದೋಷ. ತೆಗೆ, ಚುಚ್ಚು, ತೆಗೆ, ಚುಚ್ಚು. ಐದನೇ ಸಲಕ್ಕೆ ಹಿಡಿಯಿತು. ದರಿದ್ರ ಮಷೀನು.

ಸಹನಾಳ ಅಮ್ಮ ರೇಣುಕಾ ಭೇಟಿ ಕೇಂದ್ರದ ಬೆಂಚಿನ ಮೇಲೆ ಕೂತಿದ್ದಳು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. "ತಿಂಗಳಿಗೆ ಒಂದೇ ದಿನ ಗುರು. ಅದಕ್ಕೂ ಲೇಟಾದ್ರೆ ಮಗೂಗೆ ನಾನು ಏನಂತ ಹೇಳ್ಲಿ?" ಅಂದಳು.

ಸಹನಾ ಕೇಳಿದಳು, "ಅಪ್ಪ, ನಿಮ್ಮೂರಲ್ಲಿ ಕರೆಂಟ್ ಹೋಗಿತ್ತಾ?"

ಹೌದು ಅಂದೆ.

13 ಜುಲೈ, ಭಾನುವಾರ

ಬೇಕೆಂದೇ ಚಿತ್ರದುರ್ಗಕ್ಕೆ ಹೋಗಿ ಬೈಪಾಸಿನ ಚಾರ್ಜರು ಪರೀಕ್ಷೆ ಮಾಡಿದೆ. ಚುಚ್ಚಿದ ತಕ್ಷಣ ಹಿಡಿಯಿತು. ಅಂದರೆ ದೋಷ ಹಿರಿಯೂರಿನದು. ಈ ಸಲ ಚಿತ್ರದುರ್ಗದಲ್ಲೇ ಚಾರ್ಜು. ಹಿರಿಯೂರು ಬರೀ ಎಮರ್ಜೆನ್ಸಿಗೆ.

24 ಜುಲೈ, ಗುರುವಾರ

ಭೀಮನ ಅಮಾವಾಸ್ಯೆ. ಬೆಳಿಗ್ಗೆ ಕಾರಿಗೆ ಮತ್ತೆ ಅಭಿಷೇಕವೊಂದು ಬಿಟ್ಟು ಎಲ್ಲ ಆಯಿತು. ಅವ್ವನಿಗೆ ಹೇಳಿದೆ, ಗಾಜಿನ ಮೇಲೆ ಹಚ್ಚಬೇಡ, ರಸ್ತೆ ಕಾಣಲ್ಲ ಅಂತ. "ಗಾಜಿಗೆ ಹಚ್ಚಿಲ್ಲ ಬಿಡಪ್ಪ, ಹಚ್ಚೋ ಕಡೆಗೆ ಹಚ್ಚೀನಿ" ಅಂದಳು.

26 ಜುಲೈ, ಶನಿವಾರ

ಚಿತ್ರದುರ್ಗದಲ್ಲಿ ಹಿಡಿಯಲಿಲ್ಲ. ಹದಿಮೂರನೇ ತಾರೀಕು ಹಿಡಿದದ್ದು, ಅದೇ ಗನ್ನು, ಇವತ್ತು ಇಲ್ಲ. ಹಿರಿಯೂರಿಗೆ ಓಡಿದೆ. ಅಲ್ಲೂ ಅದೇ ಕೆಂಪು ಅಕ್ಷರ. ಕಸ್ಟಮರ್ ಕೇರಿನವನು "ರೀಸ್ಟಾರ್ಟ್ ಮಾಡಿ ಸರ್" ಅನ್ನುವುದನ್ನು ಬಿಟ್ಟರೆ ಬೇರೆ ಮಾತು ಕಲಿತಿಲ್ಲ. ಆರನೇ ಸಲಕ್ಕೆ ಹಿಡಿಯಿತು.

ಒಂದು ಗಂಟೆ ಹತ್ತು ನಿಮಿಷ ತಡ. ಭೇಟಿ ಕೇಂದ್ರದ ಮೇಡಂ ಈ ಸಲವೂ ಪುಸ್ತಕದಲ್ಲಿ ಬರೆದುಕೊಂಡರು. ಸಹನಾ ಕಿಟಕಿಗೆ ಮೂಗು ಒತ್ತಲಿಲ್ಲ. ಕೆರೆ ತೋರಿಸಿದೆ, ನೋಡಿದಳು ಅಷ್ಟೇ.

28 ಜುಲೈ, ಸೋಮವಾರ

ನನ್ನ ವಕೀಲ ಶರಣ್ ಫೋನು. "ಎರಡು ಸಲ ತಡ ಅಂತ ಎಂಟ್ರಿ ಆಗೈತೆ ಗುರುರಾಜಣ್ಣ. ಮೂರನೇ ಸಲ ಆದ್ರೆ ರೇಣುಕಾ ಅವರ ಕಡೆಯವರು ಭೇಟಿ ನಿಲ್ಸಿ ಅಂತ ಅರ್ಜಿ ಹಾಕ್ತಾರೆ. ರೆಡಿ ಮಾಡಿ ಇಟ್ಟವ್ರೆ."

ಜಡ್ಜು ಒಪ್ಪುತ್ತಾರಾ ಅಂತ ಕೇಳಿದೆ.

"ಚಾರ್ಜರ್ ಹಿಡೀಲಿಲ್ಲ ಅಂತ ನಾನು ಹೆಂಗ್ ವಾದ ಮಾಡ್ಲಿ, ನೀವೇ ಹೇಳ್ರಿ."

10 ಆಗಸ್ಟ್, ಭಾನುವಾರ

ಎರಡು ವಾರ ಏನೂ ಬರೆದಿಲ್ಲ. ಬರೆಯುವಂಥದ್ದು ಏನಿತ್ತು. ಹಗಲೆಲ್ಲ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ಟುಗಳು.

ಇವತ್ತು ಚಿತ್ರದುರ್ಗ, ಹಿರಿಯೂರು ಎರಡೂ ಕಡೆ ಹೋಗಿ ನೋಡಿದೆ. ಎರಡೂ ಮೊದಲನೇ ಸಲಕ್ಕೇ ಹಿಡಿದವು! ಇಪ್ಪತ್ತು ವರ್ಷದಿಂದ ಮೋಟಾರು ವೈಂಡಿಂಗ್ ಮಾಡುತ್ತಿದ್ದೇನೆ. ಹೊಸದುರ್ಗದಿಂದ, ಬಾಗೂರಿನಿಂದ ಜನ ಮೋಟಾರು ಹೊತ್ತು ತರುತ್ತಾರೆ, ಗುರುರಾಜನ ಕೈಗೆ ಬಂದರೆ ದೋಷ ಬಚ್ಚಿಟ್ಟುಕೊಳ್ಳಲ್ಲ ಅಂತ. ಇದೊಂದು ಮಾತ್ರ ನನಗೆ ಸಿಗುತ್ತಿಲ್ಲ. ಮಗಳ ದಿನ ಬಂದರೆ ಮಾತ್ರ ಕೆಡುತ್ತದೆ. ಹೀಗೆ ಬರೆಯಲು ನಾಚಿಕೆ, ಆದರೆ ಹಾಗೇ ಅನ್ನಿಸುತ್ತಿದೆ.

ಪಕ್ಕದ ಅಂಗಡಿಯ ದುರುಗೇಶ್: "ಲೇ, ಬಸ್ಸಿಗೆ ಹೋಗಲೇ. ಯಾಕಿಷ್ಟು ಹಟ?"

ಹಟವೇ. ಭೇಟಿ ಕೇಂದ್ರದ ಆ ಕೋಣೆಯಲ್ಲಿ ಸಹನಾ ಗೋಡೆ ಗಡಿಯಾರ ನೋಡುತ್ತಾ ಕೂರುತ್ತಾಳೆ. ಕಾರಿನಲ್ಲಿ ನನ್ನನ್ನು ನೋಡುತ್ತಾಳೆ.

22 ಆಗಸ್ಟ್, ಶುಕ್ರವಾರ ಸಂಜೆ

ಚಿತ್ರದುರ್ಗ ಬೇಡ, ನೇರ ಹಿರಿಯೂರು. ಅಲ್ಲಾಗದಿದ್ದರೆ ಶಿರಾ. ಅಲ್ಲೂ ಆಗದಿದ್ದರೆ ತುಮಕೂರು, ಎಸಿ ಹಾಕದೆ ಅರವತ್ತರ ಸ್ಪೀಡಿನಲ್ಲಿ ಹೋದರೆ ಮುಟ್ಟಬಹುದು. ನಾಳೆ ಬೆಳಗಿನ ನಾಲ್ಕೂವರೆಗೇ ಹೊರಡುವುದು.

ಸಹನಾಗೆ ಬಣ್ಣದ ಪೆಟ್ಟಿಗೆ ತಂದೆ. ಹನ್ನೆರಡು ಬಣ್ಣ, ಎರಡು ಬ್ರಷ್ಷು.

ಅವ್ವನ ಮುಖ ಬಾಡಿದೆ. ನಾಳೆ ಬೆಳಿಗ್ಗೆಯೂ ಅಮಾವಾಸ್ಯೆ ಇದೆಯಂತೆ. "ಅಮಾಸೆ ದಿನ ದೂರ ಹೋಗಬಾರ್ದು ಕಣಪ್ಪ. ಭಾನುವಾರ ಬರ್ತೀನಿ ಅಂತ ಹೇಳು."

ಕೋರ್ಟಿಗೆ ಪಂಚಾಂಗ ಇಲ್ಲ ಅಂದೆ. ದನಿ ಜೋರಾಯಿತು. ಅವ್ವ ಒಳಗೆ ಹೋದಳು. ಬೈಯಬಾರದಿತ್ತು.

23 ಆಗಸ್ಟ್, ಶನಿವಾರ. ಬೆಳಿಗ್ಗೆ 4.20

ನೂರು ಪರ್ಸೆಂಟ್. ಚಾರ್ಜಿನ ತಂತಿ ಬಿಚ್ಚಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತಿದ್ದಾಳೆ. ಕೈಯೆಲ್ಲ ವಿಭೂತಿ. "ಈ ಸಲ ತಡ ಆಗಲ್ಲ, ಹೋಗಿ ಬಾ."

6.15, ಹಿರಿಯೂರು

ಕೆಂಪು ಅಕ್ಷರ.

6.40

ಎಂಟು ಸಲ. ಇಲ್ಲ. ಎರಡನೇ ಗನ್ನಿಗೆ ಹೋದೆ. ಇಲ್ಲ. ಏಳೂಮುಕ್ಕಾಲಿಗಾದರೂ ಇಲ್ಲಿಂದ ಬಿಡಬೇಕು. ಶಿರಾಕ್ಕೆ ಹೋಗಲೇ? ಅಲ್ಲೂ ಹೀಗೇ ಆದರೆ?

7.05

ವಾಚ್‌ಮನ್ ಓಬಣ್ಣ ಬಂದು ನಿಂತ. "ಗನ್ ಸರಿ ಐತೆ ಸಾ. ನೀವು ಬರೋಕ್ ಮುಂಚೆ ಇನ್ನೊಬ್ರು ಹಾಕ್ಕೊಂಡು ಹೋದ್ರು. ನಿಮ್ ಗಾಡಿದು ನೋಡ್ಕಳ್ರಿ."

ಸಿಟ್ಟು ಬಂತು. ನೋಡಿದೆ.

ಕಾರಿಗೆ ಗನ್ ಚುಚ್ಚುವ ಜಾಗದೊಳಗೆ ಮೊಬೈಲ್ ಬೆಳಕು ಬಿಟ್ಟೆ. ಮನೆಯ ನಿಧಾನದ ಚಾರ್ಜಿಗೆ ಮೇಲಿನ ಸಣ್ಣ ತೂತುಗಳು ಸಾಕು. ಫಾಸ್ಟ್ ಚಾರ್ಜಿಗೆ ಮಾತ್ರ ಕೆಳಗಿನ ಎರಡು ದೊಡ್ಡವು, ಅವಕ್ಕೆ ರಬ್ಬರ್ ಮುಚ್ಚಳ. ಮುಚ್ಚಳ ತೆಗೆಯುವುದು, ಗನ್ ಚುಚ್ಚುವುದು, ಪರದೆ ನೋಡುವುದು - ಇಷ್ಟೇ ಮಾಡುತ್ತಿದ್ದೆ. ಒಳಗೆ ಒಂದು ದಿನವೂ ಇಣುಕಿರಲಿಲ್ಲ.

ಎರಡು ತೂತಿನೊಳಗೂ ವಿಭೂತಿ. ನೀರಲ್ಲಿ ಕಲಸಿದ್ದು, ಇನ್ನೂ ಹಸಿ. ಹೋದ ಎರಡು ಸಲ ಒಣಗಿದ್ದು ಚುಚ್ಚಿ ಚುಚ್ಚಿ ಉದುರಿತ್ತು. ಅಮಾವಾಸ್ಯೆ ಮುಗಿದು ಎರಡು ವಾರಕ್ಕೆ ನಾನು ಪರೀಕ್ಷೆಗೆ ಹೋದಾಗ ಎಲ್ಲ ಸರಿ!

7.10

ಅವ್ವನಿಗೆ ಫೋನು ಮಾಡಿದೆ. ಬೈಯಲಿಕ್ಕೇ ಮಾಡಿದ್ದು.

"ಅವ್ವ, ಚಾರ್ಜ್ ಹಾಕೋ ಕಡೆ ವಿಭೂತಿ ಹಚ್ಚಿದ್ಯಾ?"

"ಹೂಂ ಕಣಪ್ಪ. ಅದು ಉಣ್ಣೋ ಬಾಯಿ ಅಲ್ವಾ, ಅದಕ್ಕೆ ಹಚ್ಚದೆ ಬಿಡಾಕಾಗುತ್ತಾ? ಮೊದ್ಲು ಒಂದೊಂದು ಬೊಟ್ಟು ಇಡ್ತಿದ್ದೆ. ಎರಡು ಸಲ ತಡ ಆತಲ್ಲ... ಅದಕ್ಕೆ ಈ ಸಲ ತುಂಬ ಹಚ್ಚೀನಿ. ಕೂಸು ನಿನ್ನ ಕೈಗೆ ಸಿಗ್ಲಿ ಅಂತ. ಯಾಕೆ, ಏನಾತು?"

ತೂತಿನ ಅಂಚಿನ ಬಿಳಿಯನ್ನು ಬೆರಳಿನಿಂದ ಒರೆಸಿದೆ.

"ಏನಿಲ್ಲ. ಎಲ್ಲ ಸರಿ ಐತೆ. ತಿಂಡಿ ತಿನ್ನು."

7.27

ಕರ್ಚೀಫಿನ ತುದಿ ಒಳಗೆ ಹೋಗಲಿಲ್ಲ. ಗಾಡಿ ಆಫ್ ಮಾಡಿ ಸಹನಾಳ ಬಣ್ಣದ ಪೆಟ್ಟಿಗೆ ಒಡೆದೆ. ದೊಡ್ಡ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದೆ. ಓಬಣ್ಣ ಟೈರಿಗೆ ಗಾಳಿ ಹೊಡೆಯುವ ಪೈಪು ತಂದು ಊದಿದ. ಒಣಗಬೇಕು. ಹಸಿ ಇದ್ದರೆ ಮಷೀನು ಒಪ್ಪಲ್ಲ, ಒಪ್ಪಲೂಬಾರದು. ನಿಂತಿದ್ದೇನೆ. ಇಷ್ಟು ಉದ್ದದ ಐದು ನಿಮಿಷ ನಾನು ಕಂಡಿಲ್ಲ.

7.33

ಹಿಡಿಯಿತು!

ಇಪ್ಪತ್ತೆಂಟು ನಿಮಿಷ ಇಲ್ಲ. ಹದಿನೇಳು ನಿಮಿಷದಲ್ಲಿ ಎಂಬತ್ತು ಪರ್ಸೆಂಟ್ ಆದರೆ ಹೊರಡುವುದು. ಎಂಬತ್ತಕ್ಕೆ ನೂರ ಅರವತ್ತು ಕಿಲೋಮೀಟರು. ಒಂದು ಕಿಲೋಮೀಟರೂ ಹೆಚ್ಚಿಲ್ಲ. ಎಸಿ ಬೇಡ.

10.47, ಭೇಟಿ ಕೇಂದ್ರದ ಗೇಟಿನ ಹೊರಗೆ

ಮೂರು ಪರ್ಸೆಂಟ್. ಪೀಣ್ಯದ ಟ್ರಾಫಿಕ್ಕಿನಲ್ಲಿ ಅತ್ತುಬಿಟ್ಟೆ. ಅಂಗಿ ಬೆನ್ನಿಗೆ ಅಂಟಿದೆ. ಮೊದಲು ಮಗಳನ್ನು ಕೂರಿಸಿಕೊಂಡು ಹತ್ತಿರದ ಚಾರ್ಜರಿಗೆ ಹೋಗಬೇಕು, ಅಲ್ಲೇ ಐಸ್‌ಕ್ರೀಮ್ ಅಂಗಡಿ ಇದೆ.

ಅವ್ವನಿಗೆ ಏನು ಹೇಳುವುದು ಅಂತ ಶಿರಾದಿಂದ ಯೋಚಿಸುತ್ತಾ ಬಂದೆ. ನಿನ್ನಿಂದಲೇ ತಡವಾಯಿತು ಅಂದರೆ ಅವಳು ಅದನ್ನು ಸಾಯುವವರೆಗೂ ಎದೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಹೇಳುವುದಿಲ್ಲ. ಅವಳು ಹಚ್ಚಲಿ, ನಾನು ಒರೆಸಿಕೊಂಡು ಹೊರಡುತ್ತೇನೆ. ಬ್ರಷ್ಷು ಒಂದು ಕಾರಿನಲ್ಲೇ ಇರಲಿ.

ಶರಣ್‌ಗೂ ಹೇಳಲ್ಲ.

10.55

ಮೇಡಂ ಪುಸ್ತಕ ತೆರೆದು ಸಮಯ ಬರೆದರು. ನಾನೇ ನಿಂತು ನೋಡಿದೆ, ಸರಿಯಾಗಿ ಬರೆದಿದ್ದಾರೆ.

ಪೆಟ್ಟಿಗೆ ಒಡೆದದ್ದು ಗೊತ್ತಾಗುತ್ತದೆ. ದೊಡ್ಡ ಬ್ರಷ್ಷಿನ ಕೂದಲೆಲ್ಲ ಬಿಳಿ. ಯಾಕೆ ಅಂತ ಸಹನಾ ಕೇಳುತ್ತಾಳೆ. ಅಜ್ಜಿ ಕಳಿಸಿದ್ದು ಅನ್ನಲಾ.

10.58

ರೇಣುಕಾ ತಿರುವಿನಲ್ಲಿ ನಡೆದುಕೊಂಡು ಬರುತ್ತಿದ್ದಾಳೆ. ಕಾರು ನೋಡಿ ನಿಂತಳು. ವಾಚು ನೋಡಿಕೊಂಡಳು. ಬಗ್ಗಿ ಸಹನಾಳಿಗೆ ಏನೋ ಹೇಳಿ ಕೈ ಬಿಟ್ಟಳು. ಸಹನಾ ಓಡಿ ಬರು—