ಹಡಗಿನ ಸಮಯ

ಮಾರ್ಚ್ 3, ಮಂಗಳವಾರ. ಸಂಜೆ 5.40

ಇಸ್ತ್ರಿಪೆಟ್ಟಿಗೆ ವಾಪಸ್ ಬರಲಿಲ್ಲ. ನಿನ್ನೆ ಹತ್ತುವಾಗಲೇ ತಪಾಸಣೆಯವರು ತೆಗೆದಿಟ್ಟುಕೊಂಡಿದ್ದರು. ಬೆಂಕಿಯ ಭಯ. ಕ್ಯಾಬಿನ್‌ನಲ್ಲಿ ಇಡುವಂತಿಲ್ಲ. ಇಳಿಯುವ ದಿನ ಚೀಟಿ ತೋರಿಸಿ ಪಡೆಯಬೇಕಂತೆ.

"ನಾನು ಹೇಳಿರ್ಲಿಲ್ವೇನೇ?" ಎಂದರು ಅತ್ತೆ.

ಹೇಳಿದ್ದರು. ಮನೆಯಲ್ಲಿ ಮೂರು ಸಲ. ಮರೆವಿನವರ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಮಾವನವರ ಜೊತೆ ಇದೇ ಹಡಗಿನಲ್ಲಿ ಬಂದವರು. ಮಾವ ಈಗಿಲ್ಲ. ಇನ್ನೊಂದು ಸಲ ಹೋಗಲೇಬೇಕೆಂದು ಹಟ. ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ, ಲ್ಯಾಬಿನಲ್ಲಿ ನನಗೆ ಸಿಕ್ಕಿತು. ಹಾಗಾಗಿ ಅತ್ತೆ-ಸೊಸೆ, ಒಂದು ಕ್ಯಾಬಿನ್, ಎರಡು ಮಂಚ, ನಡುವೆ ಒಂದು ಮೊಳ ಜಾಗ.

ನೋಟ್‌ಬುಕ್ಕೂ ಎರಡು. ನೀಲಿಯದು ನರಗಳ ಡಾಕ್ಟರಿಗೆ: ಅತ್ತೆ ಏನು ಮರೆತರು, ಎಷ್ಟು ಹೊತ್ತಿಗೆ. ಅದನ್ನು ನೋಡಿಕೊಂಡು ಹನ್ನೆರಡು ಪ್ರಶ್ನೆಯ ಫಾರ್ಮ್ ತುಂಬಬೇಕು. ಅತ್ತೆ ಮನೆಯಲ್ಲಿರುವುದೋ ವೃದ್ಧರ ಆರೈಕೆ ಮನೆಗೆ ಹೋಗುವುದೋ, ಆ ಫಾರ್ಮಿನ ಮೇಲೆ. ನಾದಿನಿ ಅಲ್ಲೊಂದು ರೂಮು ಕಾದಿರಿಸಿದ್ದಾಳೆ, ಹದಿನಾರನೇ ತಾರೀಕಿನವರೆಗೆ. ಅತ್ತೆಗೆ ಹೇಳಿದ್ದೇವೆ. ನೆನಪಿದೆಯೋ ಇಲ್ಲವೋ, ಕೇಳಿಲ್ಲ.

ಈ ಪುಸ್ತಕ ನನಗೆ.

ಏಳಕ್ಕೆ ಊಟ. ನಿನ್ನೆ ಹೋಟೆಲಿನಂತೆ ಎಂದುಕೊಂಡು ಒಂಬತ್ತು ನಿಮಿಷ ತಡವಾಗಿ ಹೋದೆವು. ಹಾಗಲ್ಲ. ಪ್ರಯಾಣ ಮುಗಿಯುವವರೆಗೆ ಅದೇ ಮೇಜು, ಅದೇ ಕುರ್ಚಿ, ಅದೇ ಬಡಿಸುವವನು. ಎಲ್ಲರೂ ಕೂರುವ ತನಕ ಸೂಪ್ ಬರುವುದಿಲ್ಲ. ಮೇಜಿನ ಇನ್ನಿಬ್ಬರು — ಹಲ್ಲಿನ ಡಾಕ್ಟರು, ಅವರ ಹೆಂಡತಿ — ಖಾಲಿ ತಟ್ಟೆ ನೋಡುತ್ತ ಕುಳಿತಿದ್ದರು. ಅತ್ತೆ ಕ್ಷಮೆ ಕೇಳಿದರು. ನನ್ನ ಪರವಾಗಿ.

ಮಾರ್ಚ್ 5, ಗುರುವಾರ. ಬೆಳಿಗ್ಗೆ 8

ನಿನ್ನೆ ಕ್ಯಾಪ್ಟನ್ನರ ಸ್ವಾಗತಕೂಟ. ಬಾಗಿಲ ಕೆಳಗೆ ದಿನಾ ಒಂದು ಹಾಳೆ ತೂರಿಸುತ್ತಾರೆ: ಇಂದಿನ ಕಾರ್ಯಕ್ರಮ, ಊಟದ ಹೊತ್ತು, ಸಂಜೆಯ ಉಡುಪು. ನಿನ್ನೆ 'ಔಪಚಾರಿಕ' ಎಂದಿತ್ತು. ಅತ್ತೆ ನಾಲ್ಕಕ್ಕೇ ಕರಿ ಉಡುಪು ಹೊರಗಿಟ್ಟರು. ನನ್ನದೂ ಇಟ್ಟರು.

ಸಾಲಿನಲ್ಲಿ ನಮ್ಮ ಸರದಿ ಬಂತು. ಅತ್ತೆ ಕ್ಯಾಪ್ಟನ್ನರ ಕೈ ಹಿಡಿದುಕೊಂಡೇ ಕೇಳಿದರು. "ನೀವಿಲ್ಲಿದೀರಿ. ಮೇಲೆ ಯಾರಿಗೆ ಚಾರ್ಜ್ ಕೊಟ್ಟು ಬಂದ್ರಿ?"

"ನನ್ನ ಸಹಾಯಕರಿಗೆ, ಅಮ್ಮಾ."

"ಬರವಣಿಗೇಲಿ ಕೊಟ್ರಾ, ಬಾಯಲ್ಲೇ ಹೇಳಿ ಬಂದ್ರಾ?"

ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಕ್ಯಾಪ್ಟನ್ ನೆಟ್ಟಗಾಗಿ ನಿಂತು, ಬರವಣಿಗೆಯಲ್ಲೇ ಎಂದರು.

ಊಟದ ಮೇಜಿನಲ್ಲಿ ಡಾಕ್ಟರು ತಾವು ಕಿತ್ತ ಯಾವುದೋ ದವಡೆ ಹಲ್ಲಿನ ಕಥೆ ಎತ್ತಿದರು. ಅತ್ತೆ ಫೋರ್ಕ್ ಕೆಳಗಿಟ್ಟರು. "ಡಾಕ್ಟ್ರೇ, ಊಟ ಮುಗಿಯೋವರೆಗಾದ್ರೂ ಹಲ್ಲು ಬಾಯೊಳಗೇ ಇರ್ಲಿ." ಅವರ ಹೆಂಡತಿ ನಕ್ಕು ನಕ್ಕು ನ್ಯಾಪ್‌ಕಿನ್‌ನಲ್ಲಿ ಕಣ್ಣೊರೆಸಿಕೊಂಡರು. ಮೂವತ್ತು ವರ್ಷದಿಂದ ಇದನ್ನೇ ಹೇಳಬೇಕೆಂದಿದ್ದರಂತೆ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ನೀಲಿ ಪುಸ್ತಕದ ಲೆಕ್ಕ: ನಾಲ್ಕು ದಿನಕ್ಕೆ ಎರಡು. ಕನ್ನಡಕ ಎಲ್ಲಿಟ್ಟರೆಂದು ಮರೆತದ್ದು, ಡಾಕ್ಟರ ಹೆಂಡತಿಯ ಊರು ಎರಡು ಸಲ ಕೇಳಿದ್ದು. ಮನೆಯಲ್ಲಿ ದಿನಕ್ಕೆ ಏಳೆಂಟು ಇರುತ್ತಿತ್ತು. ಹಾಲು ಉಕ್ಕಿಸುವುದು, ಬಾಗಿಲು ತೆರೆದೇ ಹೊರಡುವುದು, ಮಾವ ಬಂದರಾ ಎಂದು ಕೇಳುವುದು.

ಇಲ್ಲಿ ಉಕ್ಕಲು ಹಾಲಿಲ್ಲ. ಅಷ್ಟೇ ಇರಬಹುದು. ಆದರೂ ಬೆಳಿಗ್ಗೆ ನಾನು ಏಳುವ ಮೊದಲೇ ಬಾಗಿಲ ಕೆಳಗಿನ ಹಾಳೆ ಓದಿ, ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡಿರುತ್ತಾರೆ. ದಿನವೆಲ್ಲ ತೆಗೆದು ನೋಡುತ್ತಾರೆ. ಇದನ್ನು ಯಾವ ಕಾಲಂನಲ್ಲಿ ಬರೆಯುವುದು? ಫಾರ್ಮಿನಲ್ಲಿ ತಪ್ಪಿಗೆ ಮಾತ್ರ ಜಾಗವಿದೆ.

ಮಾರ್ಚ್ 8, ಭಾನುವಾರ. ಸಂಜೆ 5.30

ಬಟ್ಟೆ ಬದಲಿಸದೆಯೇ ಬರೆಯಲು ಕೂತಿದ್ದೇನೆ.

ಇವತ್ತು ಬಂದರು. ಬೆಳಿಗ್ಗೆ ಇಳಿದೆವು. ನಾಲ್ಕೂವರೆಗೆ ಎಲ್ಲರೂ ಹಡಗಿನ ಮೇಲಿರಬೇಕು, ಐದಕ್ಕೆ ಹೊರಡುವುದು. ಊರು ಸುತ್ತಿ, ಬಂದರಿನ ಎದುರಿನ ಕಾಫಿ ಅಂಗಡಿಯಲ್ಲಿ ಕೂತಿದ್ದೆವು.

"ಏಳು. ನಾಲ್ಕು ಹತ್ತಾಯ್ತು."

"ಮೂರು ಹತ್ತು, ಅತ್ತೆ. ಇನ್ನೂ ಒಂದು ಗಂಟೆ ಮೇಲಿದೆ. ಕಾಫಿ ಕುಡೀರಿ."

"ನಾಲ್ಕು ಹತ್ತು ಕಣೇ."

ಗೋಡೆಯ ಗಡಿಯಾರ ತೋರಿಸಿದೆ. ಮೂರು ಹತ್ತು. ನನ್ನ ಫೋನ್ ತೋರಿಸಿದೆ. ಮೂರು ಹತ್ತು. ಅತ್ತೆ ತಮ್ಮ ಕೈಗಡಿಯಾರದ ಮೇಲೆ ಬೆರಳಿಟ್ಟರು. ನಾನು ನೀಲಿ ಪುಸ್ತಕ ತೆಗೆದು, ಅವರ ಎದುರೇ ಬರೆದೆ: "8ನೇ ತಾರೀಕು. ಹೊತ್ತಿನ ಪರಿವೆ ಇಲ್ಲ. ತಿದ್ದಿದರೂ ಒಪ್ಪಲಿಲ್ಲ."

ಅಷ್ಟರಲ್ಲಿ ರಸ್ತೆಯಲ್ಲಿ ಹಲ್ಲಿನ ಡಾಕ್ಟರು ಹೆಂಡತಿ ಸಮೇತ ದಾಪುಗಾಲು ಹಾಕುತ್ತಿದ್ದರು. "ಏನ್ರೀ, ಇನ್ನೂ ಕೂತಿದೀರಿ? ಹಡಗು ಬಿಟ್ಟು ಇಲ್ಲೇ ಮನೆ ಮಾಡ್ತೀರಾ?"

ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿತ್ತು: ದಡದಲ್ಲೂ ಹಡಗಿನ ಸಮಯವನ್ನೇ ಪಾಲಿಸಿ. ಊರಿನ ಸಮಯ ಒಂದು ಗಂಟೆ ಹಿಂದೆ. ಫೋನ್ ತಾನಾಗಿಯೇ ಊರಿನ ಸಮಯಕ್ಕೆ ಬದಲಾಗಿತ್ತು. ಅತ್ತೆಯ ಗಡಿಯಾರ ಕೀಲಿಯದು. ಯಾರ ಮಾತೂ ಕೇಳುವುದಿಲ್ಲ.

ಎಪ್ಪತ್ತೆಂಟರ ಹೆಂಗಸನ್ನು ಓಡಿಸಿಕೊಂಡು ಬಂದೆ. ಮೆಟ್ಟಿಲು ಹತ್ತಿದ್ದು 4.27ಕ್ಕೆ. ಕ್ಯಾಬಿನ್‌ಗೆ ಬಂದು ಉಸಿರು ಹದಕ್ಕೆ ಬಂದ ಮೇಲೆ ಅತ್ತೆ ಹೇಳಿದ್ದು:

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬರ್ಕೊಂಡ್ಯಲ್ಲ, ಹೊಡೆದು ಹಾಕು."

ಹೊಡೆದು ಹಾಕಿದೆ. ಹಿಂದಿನ ಪುಟಗಳನ್ನೂ ನೋಡಿದೆ. ಮನೆಯಲ್ಲಿ ಬರೆದ ನಲವತ್ತು ಸಾಲು. ಎಷ್ಟನ್ನು ಸರಿಯಾಗಿ ವಿಚಾರಿಸಿ ಬರೆದಿದ್ದೆ? ಲ್ಯಾಬಿನಲ್ಲಾದರೆ ಎರಡನೇ ಸಲ ಪರೀಕ್ಷೆ ಮಾಡದೆ ರಿಪೋರ್ಟ್ ಕೊಡುವುದಿಲ್ಲ.

ಅವರಿಗೆ ಎಲ್ಲ ತಿಳಿದಿದೆ ಎಂದಾಯಿತು. ನೀಲಿ ಪುಸ್ತಕ ಏತಕ್ಕೆ ಎನ್ನುವುದೂ.

ಮಾರ್ಚ್ 12, ಗುರುವಾರ. ಸಂಜೆ 4

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತಿದೆ.

ಊಟವಾದ ಮೇಲೆ ಕಣ್ಣು ಮುಚ್ಚಿದೆ. ಎದ್ದಾಗ ಅತ್ತೆ ಇಲ್ಲ. ಡೆಕ್, ಲೈಬ್ರರಿ, ಊಟದ ಹಾಲ್... ಐವತ್ತು ನಿಮಿಷ. ಸಿಕ್ಕಿದ್ದು ಕೆಳ ಅಂತಸ್ತಿನ ಆಸ್ಪತ್ರೆಯಲ್ಲಿ. ಮೇಜಿನ ಹಿಂದೆ ಕೂತಿದ್ದಾರೆ. ಹಡಗಿನ ನರ್ಸ್ ಎದುರು ನಿಂತಿದ್ದಾಳೆ, ಕೈ ಕಟ್ಟಿಕೊಂಡು.

"ಲೇಟು," ಎಂದರು ನನ್ನನ್ನು ನೋಡಿ. "ನೈಟ್ ಡ್ಯೂಟಿಯವಳು ನೀನು ತಾನೇ? ಮೂರನೇ ಬೆಡ್ಡಿನವರಿಗೆ ಬಿ.ಪಿ. ನೋಡಿಲ್ಲ."

"ಈಗ ನೋಡ್ತೀನಿ, ಮೇಡಂ," ಎಂದೆ. ಬೇರೇನು ಹೇಳಲಿ.

ನರ್ಸ್ ನನ್ನನ್ನು ಬಾಗಿಲ ಹತ್ತಿರ ಕರೆದಳು. ಇವತ್ತಿನ ಹಾಳೆ ಕ್ಯಾಬಿನ್‌ಗೆ ಬಂದಿತ್ತಾ ಎಂದು ಕೇಳಿದಳು. ಬಂದಿತ್ತು. ನಾನೇ ಬೆಳಿಗ್ಗೆ ಅತ್ತೆಗಿಂತ ಮೊದಲು ಎತ್ತಿಕೊಂಡು, ಅದರ ಬೆನ್ನಿಗೆ ಒಗೆಯಲು ಕೊಡುವ ಬಟ್ಟೆಯ ಪಟ್ಟಿ ಬರೆದು ಪರ್ಸಿಗೆ ಹಾಕಿಕೊಂಡಿದ್ದೆ.

"ಇಂಥವರು ಸುಮಾರು ಜನ ಬರ್ತಾರೆ ಮೇಡಂ. ಇಲ್ಲಿ ಚೆನ್ನಾಗೇ ಇರ್ತಾರೆ. ಎಲ್ಲ ಬರೆದು ಕೊಡ್ತೀವಲ್ಲ."

ನೀಲಿ ಪುಸ್ತಕದಲ್ಲಿ ಬರೆದೆ. ಇದನ್ನು ಹೊಡೆದು ಹಾಕುವಂತಿಲ್ಲ. ಐವತ್ತು ನಿಮಿಷ ಕಾಣೆ, ನಾನು ಯಾರೆಂದು ಗುರುತು ಹತ್ತಲಿಲ್ಲ. ಪಕ್ಕದಲ್ಲಿ ಹಾಳೆಯ ವಿಷಯವನ್ನೂ ಬರೆದೆ. ಆರೈಕೆ ಮನೆಗೆ ಹೋದರೆ ನನಗೆ ಹಗುರ. ಅದನ್ನು ಅಲ್ಲಿ ಬರೆಯಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಏಳಕ್ಕೆ ಊಟಕ್ಕೆ ಹೋಗುತ್ತೇವೆ. ಕುರ್ಚಿ ಅದೇ.

ಮಾರ್ಚ್ 14, ಶನಿವಾರ. ಬೆಳಿಗ್ಗೆ 9, ಬಂದರಿನ ಹಾಲ್

ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ನಿನ್ನೆಯೇ ಕ್ಯಾಬಿನ್ ಹೊರಗಿಡಬೇಕಿತ್ತು. ಇಟ್ಟೆ. ಬೆಳಿಗ್ಗೆ ಎದ್ದರೆ ಮೈಮೇಲಿನ ರಾತ್ರಿ ಉಡುಪು ಬಿಟ್ಟು ನನಗೆ ಹಾಕಿಕೊಳ್ಳಲು ಏನೂ ಇಲ್ಲ. ಎಲ್ಲ ಪೆಟ್ಟಿಗೆಯೊಳಗೆ, ಪೆಟ್ಟಿಗೆ ದಡದಲ್ಲಿ.

ಅತ್ತೆ ದಿಂಬಿನ ಕೆಳಗಿಂದ ನನ್ನದೊಂದು ಜೊತೆ ಬಟ್ಟೆ ತೆಗೆದರು. "ಹೋದ ಸಲ ನಿಮ್ಮ ಮಾವ ಪೈಜಾಮದಲ್ಲಿ ಇಳಿದಿದ್ರು," ಎಂದರು.

ಈಗ ಬೆಂಚಿನ ಮೇಲೆ ಕೂತಿದ್ದಾರೆ. ಇಸ್ತ್ರಿಪೆಟ್ಟಿಗೆ ತೊಡೆಯ ಮೇಲೆ. ಇಂದು ಹಾಳೆ ಬಂದಿಲ್ಲ. ಖಾಲಿ ಜೇಬಿಗೆ ಎರಡು ಸಲ ಕೈ ಹಾಕಿ ನೋಡಿದರು. ಆಮೇಲೆ, "ನಮ್ಮ ಮೇಜು ಯಾವ ಕಡೆ?"

ನಾದಿನಿಯ ಮೆಸೇಜು: ಅತ್ತಿಗೆ, ಸೋಮವಾರ ಹನ್ನೊಂದಕ್ಕೆ ಬರ್ತೀನಿ. ಫಾರ್ಮ್ ರೆಡಿ ಇಟ್ಟಿರಿ. ಅಮ್ಮ ಹೇಗಿದಾಳೆ?

ಮಾರ್ಚ್ 16, ಸೋಮವಾರ. ಬೆಳಿಗ್ಗೆ 6.30

ಹನ್ನೊಂದು ಪ್ರಶ್ನೆಗೆ ಉತ್ತರ ಬರೆದಾಯಿತು. ಇದ್ದದ್ದು ಇದ್ದ ಹಾಗೆ. ಉಳಿದದ್ದು ಕೊನೆಯದು: ಜೊತೆಗಾರರ ಅಭಿಪ್ರಾಯದಲ್ಲಿ ಇವರು ಮನೆಯಲ್ಲಿ ಇರಬಲ್ಲರೇ?

ನಿನ್ನೆ ಮನೆಯಲ್ಲಿ ಆರು ತಪ್ಪು. ಹಾಲು ಎರಡು ಸಲ.

ಐದೂವರೆಗೆ ಎದ್ದು ಒಂದು ಹಾಳೆ ಬರೆದೆ. ಇಂದು ಸೋಮವಾರ, 16. ತಿಂಡಿ 8, ಕಿಟಕಿ ಪಕ್ಕದ ಕುರ್ಚಿ. ಹಾಲು ಕಾಯಿಸುವವರು: ಸೊಸೆ. 11: ಮಗಳು ಬರುತ್ತಾಳೆ. ಊಟ 1. ಸಂಜೆಯ ಉಡುಪು: ಸಾಧಾರಣ. ಯಜಮಾನರು ಎದ್ದು ನೋಡಿ, "ದಿನಾ ಬರೀತೀಯಾ?" ಎಂದರು. ಬರೆದು ನೋಡುತ್ತೇನೆ ಎಂದೆ. ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದರು.

ಅತ್ತೆಯ ಬಾಗಿಲ ಕೆಳಗೆ ತೂರಿಸಿದೆ. ಒಂದು ಮೂಲೆ ಈಚೆ ಕಾಣುತ್ತಿತ್ತು. ಇಲ್ಲೇ ಊಟದ ಮೇಜಿನಲ್ಲಿ ಕೂತು ನೋಡುತ್ತಿದ್ದೆ. ಹದಿನೈದು ನಿಮಿಷ ಹಾಗೇ ಇತ್ತು. ಆಮೇಲೆ ಚಪ್ಪಲಿ ಸದ್ದು. ಮೂಲೆ ಒಳಗೆ ಹೋಯಿತು.

ಬಾಗಿಲು ತೆರೆದರು. ಹಾಳೆ ಆಗಲೇ ನಾಲ್ಕಾಗಿ ಮಡಿಚಿಯಾಗಿತ್ತು.

"ಹನ್ನೊಂದು ಅಂತ ಬರ್ದಿದೀಯ. ಹಡಗಿನ ಟೈಮೋ, ಊರಿನ ಟೈಮೋ?"

ಮುಖ ನೋಡಿದೆ. ಕೀಟಲೆಯೋ, ನಿಜವಾಗಿಯೂ ಕೇಳಿದರೋ, ತಿಳಿಯಲಿಲ್ಲ. ಎರಡನೇ ಸಲ ಕೇಳಿ ನೋಡುವಂಥದ್ದೂ ಅಲ್ಲ.

"ಹಡಗಿನದೇ, ಅತ್ತೆ."

ಗಡಿಯಾರಕ್ಕೆ ಕೀಲಿ ಕೊಡುತ್ತ ಕಿಟಕಿ ಪಕ್ಕ ಬಂದು ಕೂತಿದ್ದಾರೆ. ತಿಂಡಿಗೆ ಇನ್ನೂ ಹೊತ್ತಿದೆ. ಫಾರ್ಮ್ ನನ್ನ ಮುಂದಿದೆ. ಹನ್ನೆರಡನೆಯದಕ್ಕೆ ಬರೆಯುತ್ತಿದ್ದೇನೆ: ಹಾಳೆ ಬರೆದು ಕೊಡುವವರು ಇದ್ದರೆ, ಇರಬಲ್ಲರು.